ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಿಂದ ವಾರಾಂತ್ಯಕ್ಕೆ: ಕಾರಿನಲ್ಲೇ ಮಲಗಿ ಬರಲು ಗದ್ದಲವಿಲ್ಲದ, ಶುಲ್ಕವಿಲ್ಲದ ಸರ್ಕಾರಿ ಜಾಗ ಹುಡುಕುವುದು ಹೇಗೆ?

ಪ್ರಶ್ನೆ: ನೇತ್ರಾವತಿತೀರ (ಫ್ರೀಮಾಂಟ್)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ಮೂರನೆಯ ತರಗತಿ ಓದುವ ಮಗಳು ಇದ್ದೇವೆ. ಈ ಬೇಸಿಗೆಯಲ್ಲಿ ಪುತ್ತೂರಿನಿಂದ ನನ್ನ ತಾಯಿಯವರೂ ಬರಲಿದ್ದಾರೆ. ನಮ್ಮದು ಟೊಯೋಟಾ ಸಿಯೆನ್ನಾ ವ್ಯಾನ್. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಮಾದರಿ ಅಲ್ಲ. ಹಿಂದಿನ ಸೀಟುಗಳನ್ನು ಮಡಚಿ ಹಾಸಿಗೆ ಹಾಸಿದರೆ ಇಬ್ಬರು ಆರಾಮವಾಗಿ ಮಲಗಬಹುದು, ಉಳಿದಿಬ್ಬರಿಗೆ ಪಕ್ಕದಲ್ಲಿ ಸಣ್ಣದೊಂದು ಟೆಂಟ್ ಸಾಕು.

ಹೆಸರುವಾಸಿಯಾದ ಕ್ಯಾಂಪ್‌ಗ್ರೌಂಡ್‌ಗಳಿಗೆ ಆರು ತಿಂಗಳು ಮುಂಚೆಯೇ ಬುಕಿಂಗ್ ತೆರೆದು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಒಂದು ವೇಳೆ ಸಿಕ್ಕಿದರೂ ಹಣ ಕೊಟ್ಟು ಪಕ್ಕದವರ ಜನರೇಟರ್ ಮತ್ತು ಎದುರಿನವರ ಸ್ಪೀಕರ್ ಕೇಳುತ್ತ ಮಲಗುವುದು ನಮಗೆ ಸರಿಬರುತ್ತಿಲ್ಲ. ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಬುಕಿಂಗ್ ಇಲ್ಲದೆ, ಶುಲ್ಕವಿಲ್ಲದೆ ತಂಗಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅದರಂತೆ ಒಂದೆರಡು ಆ್ಯಪ್‌ಗಳಲ್ಲಿ ನೋಡಿದರೆ ಎಲ್ಲವೂ ಅವೇ ಹತ್ತು ಜಾಗಗಳನ್ನು ತೋರಿಸುತ್ತವೆ. ಅಲ್ಲಿನ ಹೊಸ ಅಭಿಪ್ರಾಯಗಳನ್ನು ಓದಿದರೆ ಎಲ್ಲ ಕಡೆಯೂ ಜನಜಂಗುಳಿ ಎಂಬ ದೂರೇ ಇದೆ.

ಹೀಗೆ ತಂಗುವುದು ನಿಜವಾಗಿಯೂ ಕಾನೂನುಬದ್ಧವೇ, ಇಂಥ ಜಾಗವನ್ನು ಆ್ಯಪ್ ನೆಚ್ಚದೆ ಹುಡುಕುವ ಕ್ರಮ ಯಾವುದು, ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಸರಿಯೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು. ಊರಿನಲ್ಲಿ ಅನುಮತಿ ಇಲ್ಲದೆ ಮೀಸಲು ಅರಣ್ಯದೊಳಗೆ ಕಾಲಿಟ್ಟರೇ ಅಪರಾಧವಾಗುವುದರಿಂದ, ಕಾಡಿನಲ್ಲಿ ಕಾರು ನಿಲ್ಲಿಸಿ ಮಲಗುತ್ತೇವೆ ಎಂದಾಗ ಅಮ್ಮ ಮೊದಲು ಕೇಳಿದ್ದೇ, ಫಾರೆಸ್ಟಿನವರು ಬಂದು ಎಬ್ಬಿಸುವುದಿಲ್ಲವೇ ಎಂದು.

ಉತ್ತರ 1: ಸಿಯೆರಾಸಂಚಾರಿ (ಸ್ಯಾಕ್ರಮೆಂಟೊ)

ಮಾನ್ಯರೇ, ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದರೆ ಯಾರೂ ಎಬ್ಬಿಸುವುದಿಲ್ಲ ಎಂದು ತಾಯಿಯವರಿಗೆ ಧೈರ್ಯವಾಗಿ ಹೇಳಿ. ಆದರೆ ಆ ಜಾಗ ಯಾವ ಇಲಾಖೆಗೆ ಸೇರಿದ್ದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ಸರ್ಕಾರಿ ಭೂಮಿಗೆಲ್ಲ ಒಂದೇ ಕಾನೂನು ಇಲ್ಲ. ನ್ಯಾಷನಲ್ ಪಾರ್ಕ್, ಸ್ಟೇಟ್ ಪಾರ್ಕ್ ಮತ್ತು ಕೌಂಟಿ ಪಾರ್ಕ್‌ಗಳಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ, ಗುರುತು ಹಾಕಿದ ಕ್ಯಾಂಪ್‌ಗ್ರೌಂಡಿನ ಹೊರಗೆ ಕಾರಿನಲ್ಲಿ ರಾತ್ರಿ ಕಳೆಯುವಂತಿಲ್ಲ. ನಿಮಗೆ ಬೇಕಾದದ್ದು ಫಾರೆಸ್ಟ್ ಸರ್ವಿಸ್ ನೋಡಿಕೊಳ್ಳುವ ನ್ಯಾಷನಲ್ ಫಾರೆಸ್ಟ್‌ಗಳು ಮತ್ತು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಎಲ್ಲರೂ ಬಿಎಲ್‌ಎಂ ಎಂದು ಕರೆಯುವ ಇಲಾಖೆಯ ಭೂಮಿ. ದೇಶದಾದ್ಯಂತ ಮೊದಲನೆಯದು ಸುಮಾರು 19.3 ಕೋಟಿ ಎಕರೆ, ಎರಡನೆಯದು ಸುಮಾರು 24.5 ಕೋಟಿ ಎಕರೆ ಇದ್ದು, ಬೇರೆ ಆದೇಶವಿಲ್ಲದ ಕಡೆಗಳಲ್ಲಿ ಕ್ಯಾಂಪ್‌ಗ್ರೌಂಡಿನ ಹೊರಗೂ ಶುಲ್ಕವಿಲ್ಲದೆ ತಂಗಲು ಅವಕಾಶವಿದೆ. ಇದಕ್ಕೆ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆಡೆ 14 ದಿನಗಳ ಮಿತಿ ಇರುತ್ತದೆ. ವಾರಾಂತ್ಯಕ್ಕೆ ಹೋಗುವವರಿಗೆ ಅದರಿಂದ ತೊಂದರೆ ಇಲ್ಲ.

ಬೇ ಏರಿಯಾದಿಂದ ಎರಡು ಗಂಟೆಯೊಳಗೆ ಇಂಥ ಜಾಗ ಸಿಗಬೇಕೆಂಬ ಆಸೆಯನ್ನು ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಸುತ್ತಮುತ್ತಲಿನ ಬೆಟ್ಟಗಳು ಬಹುಪಾಲು ಖಾಸಗಿ ಹುಲ್ಲುಗಾವಲು ಅಥವಾ ಪ್ರಾದೇಶಿಕ ಪಾರ್ಕ್‌ಗಳಾಗಿದ್ದು, ಅಲ್ಲಿ ರಾತ್ರಿ ಗೇಟು ಹಾಕುತ್ತಾರೆ. ಉತ್ತರಕ್ಕೆ ಮೆಂಡೊಸಿನೊ ನ್ಯಾಷನಲ್ ಫಾರೆಸ್ಟ್, ಪೂರ್ವಕ್ಕೆ 108 ಮತ್ತು 4ನೆಯ ಹೆದ್ದಾರಿಗಳ ಉದ್ದಕ್ಕೂ ಇರುವ ಸ್ಟ್ಯಾನಿಸ್ಲಾಸ್ ನ್ಯಾಷನಲ್ ಫಾರೆಸ್ಟ್, ಇವೇ ನಿಮಗೆ ಹತ್ತಿರ. ಎರಡಕ್ಕೂ ಮೂರರಿಂದ ನಾಲ್ಕು ಗಂಟೆ ಹಿಡಿದುಕೊಳ್ಳಿ. 80ನೆಯ ಹೆದ್ದಾರಿಯ ಬದಿಯ ಟಾಹೊ ನ್ಯಾಷನಲ್ ಫಾರೆಸ್ಟ್ ಇದಕ್ಕಿಂತ ಸುಲಭವಾಗಿ ಕಂಡರೂ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. 1862ರ ರೈಲ್ವೆ ಕಾಯ್ದೆಯಡಿ ಹಳಿಯ ಎರಡೂ ಬದಿಯಲ್ಲಿ ಒಂದು ಬಿಟ್ಟು ಒಂದು ಚದರ ಮೈಲಿಯನ್ನು ರೈಲ್ವೆ ಕಂಪನಿಗೆ ಕೊಟ್ಟಿದ್ದರಿಂದ, ಇವತ್ತಿಗೂ ಅಲ್ಲಿ ಒಂದು ಚೌಕ ಸರ್ಕಾರದ್ದಾದರೆ ಪಕ್ಕದ ಚೌಕ ಮರದ ವ್ಯಾಪಾರದವರದು. ನೆಲದ ಮೇಲೆ ನಿಂತು ನೋಡಿದರೆ ಎರಡರ ನಡುವೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಇನ್ನು ಹುಡುಕುವ ಕ್ರಮ. ಆ್ಯಪ್‌ಗಳಲ್ಲಿ ಈಗಾಗಲೇ ಪಿನ್ ಬಿದ್ದಿರುವ ಜಾಗ ಸದ್ದಿಲ್ಲದೆ ಇರುತ್ತದೆ ಎಂದು ನಿರೀಕ್ಷಿಸುವುದೇ ತಪ್ಪು, ಏಕೆಂದರೆ ನಿಮ್ಮಂತೆಯೇ ನೂರಾರು ಜನ ಶುಕ್ರವಾರ ಸಂಜೆ ಅದೇ ಪಿನ್ ನೋಡುತ್ತಿರುತ್ತಾರೆ. ಪ್ರತಿ ನ್ಯಾಷನಲ್ ಫಾರೆಸ್ಟ್‌ಗೂ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಎಂಬ ನಕ್ಷೆ ಇರುತ್ತದೆ. 2005ರ ನಿಯಮದ ನಂತರ ಬಂದ ಈ ನಕ್ಷೆಯೇ ಯಾವ ರಸ್ತೆಯಲ್ಲಿ ಯಾವ ವಾಹನ ಓಡಬಹುದು ಎಂಬುದಕ್ಕೆ ಕಾನೂನಿನ ಆಧಾರ. ಇದನ್ನು ಉಚಿತವಾಗಿ ಇಳಿಸಿಕೊಂಡು ಅವೆಂಜಾ ಆ್ಯಪ್‌ನಲ್ಲಿ ತೆರೆದರೆ, ಸಿಗ್ನಲ್ ಇಲ್ಲದ ಕಡೆಯೂ ನೀವು ನಿಂತಿರುವ ಬಿಂದು ನಕ್ಷೆಯ ಮೇಲೆ ಕಾಣುತ್ತದೆ. ನೋಡಲು ಕಪ್ಪು ಬಿಳುಪಿನ ಶುಷ್ಕ ನಕ್ಷೆ. ಮರ, ಕೆರೆ, ನೆರಳು ಒಂದೂ ಇಲ್ಲದಿರುವುದರಿಂದಲೇ ಹೆಚ್ಚಿನವರು ಇದನ್ನು ತೆರೆಯುವುದಿಲ್ಲ, ಅದು ನಮಗೆ ಅನುಕೂಲ. ರಸ್ತೆಯ ಎರಡೂ ಬದಿಗೆ ಸಣ್ಣ ಚುಕ್ಕಿಗಳ ಸಾಲು ಇದ್ದರೆ, ತಂಗುವುದಕ್ಕಾಗಿ ವಾಹನವನ್ನು ರಸ್ತೆಯಿಂದ ನಿಗದಿತ ದೂರದವರೆಗೆ ಒಳಗೆ ತರಬಹುದು ಎಂದರ್ಥ. ಆ ದೂರವನ್ನು ನಕ್ಷೆಯಲ್ಲೇ ಕೊಟ್ಟಿರುತ್ತಾರೆ. ಚುಕ್ಕಿ ಇಲ್ಲದ ಕಡೆ ರಸ್ತೆಯಂಚಿಗೆ ಅಂಟಿಕೊಂಡೇ ನಿಲ್ಲಿಸಬೇಕಾಗುತ್ತದೆ.

ನಕ್ಷೆಯಲ್ಲಿ ರಸ್ತೆ ಗೊತ್ತಾದ ಮೇಲೆ ಉಪಗ್ರಹ ಚಿತ್ರದಲ್ಲಿ ಅದೇ ರಸ್ತೆಯನ್ನು ಹಿಡಿದು ನಿಧಾನವಾಗಿ ಸಾಗಿ. ಮುಖ್ಯ ಮಣ್ಣುರಸ್ತೆಯಿಂದ ಕವಲೊಡೆದು ಅರ್ಧ ಮೈಲಿಯೊಳಗೆ ಕೊನೆಯಾಗುವ ಕುರುಡು ದಾರಿ, ಅದರ ತುದಿಯಲ್ಲಿ ಮರಗಳ ನಡುವೆ ಬೋಳಾಗಿ ಕಾಣುವ ಒಂದು ತುಂಡು ನೆಲ, ಇದೇ ನಿಮಗೆ ಬೇಕಾದದ್ದು. ಜನ ಹಿಂದೆ ತಂಗಿದ ಕಡೆಯೇ ತಂಗಬೇಕು. ಹೊಸದಾಗಿ ಹುಲ್ಲು ತುಳಿದು ಜಾಗ ಮಾಡಿಕೊಳ್ಳಬಾರದು ಎಂಬುದು ಫಾರೆಸ್ಟ್ ಸರ್ವಿಸ್‌ನ ಕೋರಿಕೆಯೂ ಹೌದು. ಡಾಂಬರು ಬಿಟ್ಟ ಕೂಡಲೇ ಸಿಗುವ ಮೊದಲ ಒಂದೆರಡು ಕವಲುಗಳನ್ನು ಕಣ್ಣುಮುಚ್ಚಿ ದಾಟಿಬಿಡಿ, ತಡವಾಗಿ ಬಂದವರೆಲ್ಲ ಅಲ್ಲೇ ನಿಲ್ಲುತ್ತಾರೆ. ನಿಮ್ಮ ಜಾಗಕ್ಕೂ ಹೆದ್ದಾರಿಗೂ ನಡುವೆ ಒಂದು ಗುಡ್ಡದ ಏಣು ಅಡ್ಡ ಇದ್ದರೆ, ದೂರ ಎರಡೇ ಮೈಲಿಯಾದರೂ ಲಾರಿಯ ಸದ್ದು ಬಹುಮಟ್ಟಿಗೆ ತಡೆಯುತ್ತದೆ. ಕೆರೆದಂಡೆ ಮತ್ತು ಮಣ್ಣುರಸ್ತೆ ಬೈಕ್‌ಗಳಿಗೆಂದು ಮೀಸಲಾದ ಪ್ರದೇಶ, ಇವೆರಡರ ಸುತ್ತಮುತ್ತ ಹೋಗಲೇಬೇಡಿ.

ಜಾಗ ತಲುಪಿದ ಮೇಲೆ ಮೊದಲು ನೆಲ ನೋಡಿ. ಹಿತ್ತಾಳೆಯ ತೋಟಾ ಕೋಶಗಳು, ಕೆಂಪು ಪ್ಲಾಸ್ಟಿಕ್ಕಿನ ಬಂದೂಕಿನ ಚಿಪ್ಪುಗಳು, ತೂತುಬಿದ್ದ ಡಬ್ಬಗಳು ಬಿದ್ದಿದ್ದರೆ ಅಲ್ಲಿ ಜನ ಗುರಿ ಹೊಡೆಯುವ ಅಭ್ಯಾಸಕ್ಕೆ ಬರುತ್ತಾರೆ ಎಂದು ತಿಳಿಯಿರಿ. ಇಂಥ ಭೂಮಿಯಲ್ಲಿ ಅನೇಕ ಕಡೆ ಅದೂ ಕಾನೂನುಬದ್ಧವೇ ಆಗಿರುವುದರಿಂದ ದೂರು ಕೊಟ್ಟು ಪ್ರಯೋಜನವಿಲ್ಲ. ಬೆಳಗ್ಗೆ ಏಳಕ್ಕೆ ಗುಂಡಿನ ಸದ್ದಿಗೆ ಏಳುವ ಬದಲು ಮುಂದಿನ ಕವಲಿಗೆ ಹೋಗುವುದೇ ಲೇಸು.

ನಿಮ್ಮ ಸಿಯೆನ್ನಾ ವಿಷಯದಲ್ಲಿ ಒಂದು ಸುಲಭದ ಗುರುತು ಹೇಳುತ್ತೇನೆ. ಅರಣ್ಯ ರಸ್ತೆಗಳ ಕವಲಿನಲ್ಲಿ ಕಂದುಬಣ್ಣದ ಸಣ್ಣ ಫಲಕ ಇರುತ್ತದೆ. ರಸ್ತೆಯ ಸಂಖ್ಯೆಯನ್ನು ಅಡ್ಡಲಾಗಿ ಬರೆದಿದ್ದರೆ ಸಾಮಾನ್ಯ ಕಾರು ಹೋಗಬಹುದಾದ ರಸ್ತೆ. ಅಂಕಿಗಳನ್ನು ಒಂದರ ಕೆಳಗೊಂದು ನಿಲ್ಲಿಸಿ ಬರೆದಿದ್ದರೆ ಅದು ನೆಲದಿಂದ ಎತ್ತರವಿರುವ ಗಟ್ಟಿ ವಾಹನಗಳ ದಾರಿ, ನಿಮ್ಮದಲ್ಲ. ಸಂದೇಹವಿದ್ದರೆ ಇಳಿದು ನೂರು ಹೆಜ್ಜೆ ನಡೆದು ನೋಡಿ. ಹಿಂದಕ್ಕೆ ತಿರುಗಿಸಲು ಜಾಗವಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು.

ಗುರುವಾರ ಮಧ್ಯಾಹ್ನ ಆಯಾ ರೇಂಜರ್ ಡಿಸ್ಟ್ರಿಕ್ಟ್ ಕಚೇರಿಗೆ, ಅಂದರೆ ಫಾರೆಸ್ಟ್ ಸರ್ವಿಸ್‌ನ ಸ್ಥಳೀಯ ಕಚೇರಿಗೆ, ಫೋನ್ ಮಾಡಿ, ಇಂತಿಂಥ ಸಂಖ್ಯೆಯ ರಸ್ತೆ ತೆರೆದಿದೆಯೇ, ಸಣ್ಣ ಕಾರು ಹೋಗುತ್ತದೆಯೇ ಎಂದು ಕೇಳಿ. ಒಳ್ಳೆಯ ಜಾಗ ಯಾವುದು ಎಂದು ಕೇಳಿದರೆ ಅವರು ಕ್ಯಾಂಪ್‌ಗ್ರೌಂಡಿನ ಹೆಸರು ಹೇಳಿ ಮುಗಿಸುತ್ತಾರೆ. ರಸ್ತೆಯ ಸಂಖ್ಯೆ ಹಿಡಿದು ಕೇಳಿದರೆ ಮಾತ್ರ ಉಪಯುಕ್ತವಾದ ಉತ್ತರ ಬರುತ್ತದೆ. ಮತ್ತೊಂದು ಮಾತು: ಶುಕ್ರವಾರ ಸಂಜೆ ಆಫೀಸು ಮುಗಿಸಿ ಆಲ್ಟಮಾಂಟ್ ಕಣಿವೆದಾರಿ ದಾಟಿ ಕತ್ತಲಲ್ಲಿ ಜಾಗ ಹುಡುಕುವುದಕ್ಕಿಂತ, ಶನಿವಾರ ಬೆಳಗಿನ ಜಾವ ಹೊರಟು ಹತ್ತು ಗಂಟೆಗೆ ಹಗಲ ಬೆಳಕಿನಲ್ಲಿ ಆರಿಸಿಕೊಳ್ಳುವುದು ಎಷ್ಟೋ ಮೇಲು. ರಾತ್ರಿಯೇ ಹೊರಡಬೇಕಾದರೆ ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ಎಂಟು ಗಂಟೆಯವರೆಗೆ ಕಾರಿನೊಳಗೆ ವಿಶ್ರಾಂತಿ ಪಡೆಯಬಹುದು, ಆದರೆ ಅಲ್ಲಿ ಟೆಂಟ್ ಹಾಕುವಂತಿಲ್ಲ.

ಉತ್ತರ 2: ಕಾಡುಮಲ್ಲಿಗೆ (ಡೇವಿಸ್)

ಮೇಲಿನ ಉತ್ತರಕ್ಕೆ ಬೆಂಕಿಯ ವಿಷಯವನ್ನು ಸೇರಿಸಬೇಕು, ಏಕೆಂದರೆ ಕ್ಯಾಲಿಫೋರ್ನಿಯಾದಲ್ಲಿ ಜಾಗ ಉಚಿತವಾದರೂ ಒಲೆ ಹಚ್ಚಲು ಪರವಾನಗಿ ಬೇಕು. ಕ್ಯಾಂಪ್‌ಗ್ರೌಂಡಿನ ಹೊರಗೆ ಸೌದೆಯ ಬೆಂಕಿಗೆ ಮಾತ್ರವಲ್ಲ, ಗ್ಯಾಸ್ ಸ್ಟೋವ್‌ಗೂ ಕ್ಯಾಂಪ್‌ಫೈರ್ ಪರ್ಮಿಟ್ ಇರಬೇಕು. ಅಂತರ್ಜಾಲದಲ್ಲಿ ಸಣ್ಣ ವಿಡಿಯೋ ನೋಡಿ ಕೆಲವು ಪ್ರಶ್ನೆಗಳಿಗೆ ಉತ್ತರಿಸಿದರೆ ಉಚಿತವಾಗಿ ಸಿಗುತ್ತದೆ, ಆ ವರ್ಷದ ಡಿಸೆಂಬರ್ 31ರವರೆಗೆ ನಡೆಯುತ್ತದೆ. ಪರ್ಮಿಟ್ ಇದೆ ಎಂದ ಮಾತ್ರಕ್ಕೆ ಬೆಂಕಿ ಹಾಕಬಹುದು ಎಂದುಕೊಳ್ಳಬಾರದು; ಬೇಸಿಗೆ ಏರಿದಂತೆ ಪ್ರತಿ ಫಾರೆಸ್ಟ್ ತನ್ನದೇ ನಿರ್ಬಂಧ ಹೊರಡಿಸುತ್ತದೆ. ಆಗ ಸೌದೆ ಮತ್ತು ಇದ್ದಿಲು ಪೂರ್ತಿ ನಿಷಿದ್ಧವಾಗಿ, ತಿರುಗಿಸಿ ಆರಿಸಬಹುದಾದ ಗುಂಡಿ ಇರುವ ಸ್ಟೋವ್‌ಗೆ ಮಾತ್ರ ಸಾಮಾನ್ಯವಾಗಿ ಅವಕಾಶ ಉಳಿಯುತ್ತದೆ.

ಇದು ಕಾಗದದ ಮೇಲಿನ ನಿಯಮವೆಂದು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಗ್ ಸರ್ ಬಳಿ 2016ರ ಜುಲೈನಲ್ಲಿ ಯಾರೋ ಅಕ್ರಮವಾಗಿ ಹಾಕಿ ಆರಿಸದೆ ಬಿಟ್ಟುಹೋದ ಕ್ಯಾಂಪ್ ಬೆಂಕಿಯೇ ಸೊಬೆರಾನೆಸ್ ಕಾಳ್ಗಿಚ್ಚಾಗಿ 1,32,000 ಎಕರೆಯನ್ನು ಸುಟ್ಟಿತು. 2021ರಲ್ಲಂತೂ ಆಗಸ್ಟ್ ಕೊನೆಯಿಂದ ಸುಮಾರು ಎರಡು ವಾರ ಕ್ಯಾಲಿಫೋರ್ನಿಯಾದ ನ್ಯಾಷನಲ್ ಫಾರೆಸ್ಟ್‌ಗಳನ್ನೆಲ್ಲ ಸಾರ್ವಜನಿಕರಿಗೆ ಮುಚ್ಚಿದ್ದರು. ಆದ್ದರಿಂದ ಆಗಸ್ಟ್, ಸೆಪ್ಟೆಂಬರ್ ತಿಂಗಳ ಯೋಜನೆ ಇದ್ದರೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಮೆಂಡೊಸಿನೊ ಕಡೆ ಹೋಗುವುದಾದರೆ ಇನ್ನೂ ಒಂದು ಎಚ್ಚರಿಕೆ. 2020ರ ಆಗಸ್ಟ್ ಕಾಂಪ್ಲೆಕ್ಸ್ ಕಾಳ್ಗಿಚ್ಚು ಹತ್ತು ಲಕ್ಷ ಎಕರೆಗೂ ಮೀರಿ ಸುಟ್ಟಾಗ ಆ ಕಾಡಿನ ಬಹುಭಾಗ ಅದರೊಳಗೆ ಸಿಕ್ಕಿತ್ತು. ಸುಟ್ಟು ನಿಂತ ಮರಗಳು ವರ್ಷಗಳ ನಂತರವೂ ಗಾಳಿಗೆ ತಾನಾಗಿ ಬೀಳುತ್ತವೆ. ಕಾರು ನಿಲ್ಲಿಸುವ ಮುನ್ನ ತಲೆ ಎತ್ತಿ ಸುತ್ತ ನೋಡಿ. ತೊಗಟೆ ಉದುರಿ ಬೆಳ್ಳಗಾದ ಅಥವಾ ಕಪ್ಪಾದ ಮರ ತನ್ನ ಎತ್ತರದಷ್ಟು ದೂರದೊಳಗೆ ಇದ್ದರೆ ಆ ಜಾಗ ಬೇಡ.

ಉತ್ತರ 3: ಬಯಲುಸೀಮೆಯವ (ರೀನೋ)

ಹುಡುಕುವ ಕ್ರಮವನ್ನು ಹೇಳಿಕೊಟ್ಟದ್ದು ಸರಿ. ಇನ್ನು ಮುಂದೆ ಬರೆಯುವವರಲ್ಲಿ ನನ್ನ ವಿನಂತಿ ಏನೆಂದರೆ, ರಸ್ತೆಯ ಸಂಖ್ಯೆ, ಅಕ್ಷಾಂಶ, ರೇಖಾಂಶ ಹಾಕಿ ಯಾವ ಜಾಗವನ್ನೂ ಇಲ್ಲಿ ಪ್ರಕಟಿಸಬೇಡಿ. ಲೋನ್ ಪೈನ್ ಊರಿನ ಪಕ್ಕದ ಅಲಬಾಮಾ ಹಿಲ್ಸ್ ನೋಡಿ. ವಿಟ್ನಿ ಶಿಖರದ ಎದುರಿಗೇ ಇರುವ ಆ ಬಂಡೆಗಳ ನಡುವೆ ಒಂದು ಕಾಲಕ್ಕೆ ಬೇಕಾದಲ್ಲಿ ಕಾರು ನಿಲ್ಲಿಸಿ ಮಲಗಬಹುದಾಗಿತ್ತು. ಫೋಟೋಗಳು ಹರಡಿದ ಮೇಲೆ ಜನ ಕಿಕ್ಕಿರಿದು, ಬಂಡೆಯ ಹಿಂದೆಲ್ಲ ಕಾಗದದ ಚೂರುಗಳು ಕಾಣತೊಡಗಿ, ಪೊದೆಗಳ ಮೇಲೆ ಹೊಸ ಹೊಸ ಚಕ್ರದ ಜಾಡುಗಳು ಬಿದ್ದವು. ಈಗ ಗುರುತಿಸಿದ ತಾಣಗಳಲ್ಲಿ, ಅದೂ ಪರ್ಮಿಟ್ ಪಡೆದು ಮಾತ್ರ ತಂಗಬೇಕು. ಇಲಾಖೆಯದು ತಪ್ಪೆಂದು ನಾನು ಹೇಳುವುದಿಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ.

ಉತ್ತರ 4: ಸಿಯೆರಾಸಂಚಾರಿ (ಸ್ಯಾಕ್ರಮೆಂಟೊ)

ಬಯಲುಸೀಮೆಯವರ ಕಳಕಳಿಯನ್ನು ಅರ್ಧ ಒಪ್ಪುತ್ತೇನೆ. ಕವಲಿನ ಸಂಖ್ಯೆ ಬರೆಯುವುದು ಬೇಡ, ನಿಜ. ಆದರೆ ಫಾರೆಸ್ಟ್‌ನ ಹೆಸರು, ಹೆದ್ದಾರಿಯ ಹೆಸರು ಕೂಡ ಹೇಳಬಾರದು ಎಂದರೆ ಈಗಾಗಲೇ ಬಲ್ಲವರಿಗೆ ಮಾತ್ರ ಕಾಡು ಎಂದಂತಾಗುತ್ತದೆ. ನಾಲ್ಕೈದು ಲಕ್ಷ ಎಕರೆಗೂ ಮಿಕ್ಕಿದ ಕಾಡಿನ ಹೆಸರು ಹೇಳುವುದರಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ.

ಉತ್ತರ 5: ಶರಾವತಿ (ಸ್ಯಾನ್ ಹೋಸೆ)

ಹಿರಿಯರನ್ನು ಕರೆದುಕೊಂಡು ಹೋಗುವ ಬಗ್ಗೆ ನೀವು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ನಮ್ಮ ಅತ್ತೆಯವರು ಎರಡು ಬೇಸಿಗೆ ನಮ್ಮೊಡನೆ ಬಂದಿದ್ದಾರೆ. ಅವರಿಗೆ ಕತ್ತಲಾಗಲಿ ಕರಡಿಯಾಗಲಿ ಸಮಸ್ಯೆ ಆಗಲಿಲ್ಲ, ಶೌಚದ ವ್ಯವಸ್ಥೆ ಏನು ಎಂಬುದೊಂದೇ ಚಿಂತೆ. ಇಂಥ ಜಾಗಗಳಲ್ಲಿ ಶೌಚಾಲಯವೂ ಇಲ್ಲ, ನಲ್ಲಿಯೂ ಇಲ್ಲ, ಕಸದ ತೊಟ್ಟಿಯೂ ಇಲ್ಲ. ಮೊಣಕಾಲು ನೋವಿರುವವರಿಗೆ ಕುಕ್ಕರಗಾಲಲ್ಲಿ ಕೂರುವುದು ಆಗದ ಮಾತು. ಬಕೆಟ್ಟಿನ ಮೇಲೆ ಕೂರಿಸುವ ಸೀಟು, ಅದರೊಳಗೆ ಹಾಕುವ ಗಟ್ಟಿ ಚೀಲಗಳು, ಸುತ್ತ ಮರೆಗೆ ನಿಲ್ಲಿಸುವ ಕಿರಿದಾದ ಟೆಂಟ್, ಒಂದು ಚೊಂಬು, ಇಷ್ಟು ಇದ್ದರೆ ಅವರು ನಿಶ್ಚಿಂತೆಯಿಂದ ಇರುತ್ತಾರೆ. ಚೀಲವನ್ನು ಕಟ್ಟಿ ವಾಪಸು ತರಬೇಕು. ಉಳಿದವರು ನೀರಿನಿಂದ 200 ಅಡಿಯಾದರೂ ದೂರದಲ್ಲಿ ಆರರಿಂದ ಎಂಟು ಇಂಚು, ಅಂದರೆ ಹೆಚ್ಚುಕಡಿಮೆ ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು; ಕಾಗದವನ್ನು ಹೂಳದೆ ಚೀಲದಲ್ಲಿ ತರುವುದು ಉತ್ತಮ. ಪಾತ್ರೆ ತೊಳೆದ ನೀರನ್ನೂ ತೊರೆಗೆ ಚೆಲ್ಲಬಾರದು. ನೀರನ್ನು ಮನೆಯಿಂದಲೇ ತುಂಬಿಕೊಂಡು ಹೋಗಿ, ನಾಲ್ಕು ಜನಕ್ಕೆ ಒಂದು ರಾತ್ರಿಗೆ ಏಳೆಂಟು ಗ್ಯಾಲನ್ ಇದ್ದರೆ ಲೆಕ್ಕ ಹಾಕುತ್ತ ಕೂರಬೇಕಾಗುವುದಿಲ್ಲ.

ಎತ್ತರವನ್ನು ಮಾತ್ರ ನಿರ್ಲಕ್ಷಿಸಬೇಡಿ. 108ನೆಯ ಹೆದ್ದಾರಿ ಸೊನೋರಾ ಕಣಿವೆದಾರಿಯಲ್ಲಿ 9,624 ಅಡಿಗೆ ಏರುತ್ತದೆ. ಸಮುದ್ರಮಟ್ಟದಲ್ಲಿ ಇರುವವರು ಒಂದೇ ಮಧ್ಯಾಹ್ನದಲ್ಲಿ ಅಲ್ಲಿಗೆ ಹೋಗಿ ಮಲಗಿದರೆ ತಲೆನೋವು, ವಾಕರಿಕೆ ಬರುವುದುಂಟು, ಜುಲೈನಲ್ಲೂ ಬೆಳಗಿನ ಜಾವ ಮೈ ನಡುಗುತ್ತದೆ. ತಾಯಿಯವರಿದ್ದಾಗ ಐದಾರು ಸಾವಿರ ಅಡಿಯಲ್ಲೇ ಜಾಗ ನೋಡಿ. ಚಳಿ ಎಂದು ಕಾರಿನೊಳಗೆ ಸ್ಟೋವ್ ಹಚ್ಚುವುದಾಗಲಿ ಎಂಜಿನ್ ಓಡಿಸುತ್ತ ಮಲಗುವುದಾಗಲಿ ಜೀವಕ್ಕೇ ಅಪಾಯ. ದಪ್ಪ ರಜಾಯಿ ಹೊದ್ದು, ಎರಡು ಕಿಟಕಿಗಳನ್ನು ಬೆರಳು ತೂರುವಷ್ಟು ಇಳಿಸಿದರೆ ಗಾಜಿನ ಮೇಲೆ ಹಬೆಯೂ ಕಟ್ಟುವುದಿಲ್ಲ.

ಅಡುಗೆಗೆ ಪ್ರೆಶರ್ ಕುಕ್ಕರ್ ಇರಲಿ, ಮೇಲೆ ಹೋದಷ್ಟೂ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಬರಿಯ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬ ಹೊತ್ತು ಹಿಡಿಯುತ್ತದೆ. ನಾವು ರಾತ್ರಿಗೆ ಮನೆಯಿಂದ ತಂದ ಬಿಸಿಬೇಳೆ ಬಾತ್ ಬಿಸಿಮಾಡಿ, ಬೆಳಗ್ಗೆ ಅವಲಕ್ಕಿಗೆ ಮುಗಿಸುತ್ತೇವೆ. ಸಿಯೆರಾ ಬೆಟ್ಟಸಾಲಿನಲ್ಲಿ ಕರಡಿಗಳಿವೆ, ಅವಕ್ಕೆ ಇಂಗಿನ ಒಗ್ಗರಣೆ ಹಿಡಿಸುತ್ತದೋ ಇಲ್ಲವೋ ಪರೀಕ್ಷಿಸುವುದು ಬೇಡ. ತಿಂಡಿ, ಎಣ್ಣೆ, ಟೂತ್‌ಪೇಸ್ಟ್ ಎಲ್ಲವನ್ನೂ ಕರಡಿ ತೆರೆಯಲಾಗದ ಡಬ್ಬದಲ್ಲಿ ಹಾಕಿ, ಮಲಗುವ ಜಾಗದಿಂದ ದೂರ ಇಡಿ.

ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ. ಯಾವ ರಸ್ತೆ, ಯಾವ ಕವಲು, ಭಾನುವಾರ ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಸ್ನೇಹಿತರೊಬ್ಬರಿಗೆ ಬರೆದುಕೊಟ್ಟು ಹೊರಡಿ.

ಪ್ರಶ್ನೆ ಕೇಳಿದವರು: ನೇತ್ರಾವತಿತೀರ (ಫ್ರೀಮಾಂಟ್)

ಎಲ್ಲರಿಗೂ ಅನಂತ ವಂದನೆಗಳು. ಸ್ಟ್ಯಾನಿಸ್ಲಾಸ್ ನಕ್ಷೆಯನ್ನು ಇಳಿಸಿಕೊಂಡು, 4ನೆಯ ಹೆದ್ದಾರಿಯ ಬದಿಯಲ್ಲಿ ಆರು ಸಾವಿರ ಅಡಿಯೊಳಗೆ ಇರುವ ಮೂರು ಕವಲುಗಳನ್ನು ಗುರುತು ಹಾಕಿಕೊಂಡಿದ್ದೇನೆ. ಗುರುವಾರ ಕಚೇರಿಗೆ ಫೋನ್ ಮಾಡುತ್ತೇನೆ. ಇನ್ನೊಂದೇ ಪ್ರಶ್ನೆ: ನವೆಂಬರಿನಿಂದ ಹಿಮ ಬಿದ್ದು ಈ ರಸ್ತೆಗಳೆಲ್ಲ ಮುಚ್ಚಿದ ಮೇಲೆ, ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಹೋಗಬಹುದಾದ ಜಾಗ ಯಾವುದಾದರೂ ಇದೆಯೇ?

ಉತ್ತರ 6: ಬಯಲುಸೀಮೆಯವ (ರೀನೋ)

ದೊಡ್ಡ ಪ್ರದೇಶದ ಹೆಸರು ಹೇಳಲು ನನ್ನ ಆಕ್ಷೇಪವಿಲ್ಲವಾದ್ದರಿಂದ ಹೇಳುತ್ತೇನೆ. ರಜೆ ಹೆಚ್ಚು ಇದ್ದರೆ ದಕ್ಷಿಣದ ಮರುಭೂಮಿಗಳಿವೆ: ಮೊಹಾವಿ ನ್ಯಾಷನಲ್ ಪ್ರಿಸರ್ವ್‌ನಲ್ಲಿ ಹಿಂದೆ ಬಳಕೆಯಾದ ರಸ್ತೆಬದಿಯ ತಾಣಗಳಲ್ಲಿ ತಂಗಬಹುದು, ಆನ್ಸಾ ಬೊರೇಗೊ ಸ್ಟೇಟ್ ಪಾರ್ಕ್ ಕೂಡ ಸ್ಟೇಟ್ ಪಾರ್ಕ್‌ಗಳ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ ಇದಕ್ಕೆ ಅವಕಾಶ ಕೊಡುತ್ತದೆ. ಎರಡು ದಿನದ ವಾರಾಂತ್ಯಕ್ಕೆ ಅವು ದೂರ. ನಿಮಗೆ ಹೊಂದುವುದು ಕರೀಜೊ ಪ್ಲೇನ್ ಎಂಬ ಹುಲ್ಲುಬಯಲು, 2001ರಲ್ಲಿ ನ್ಯಾಷನಲ್ ಮಾನ್ಯುಮೆಂಟ್ (ಸಂರಕ್ಷಿತ ಪ್ರದೇಶ) ಆದ ಬಿಎಲ್‌ಎಂ ಭೂಮಿ. ಒಳ್ಳೆಯ ಮಳೆ ಬಿದ್ದ ವರ್ಷ ವಸಂತದಲ್ಲಿ ಬೆಟ್ಟಗಳಿಗೆಲ್ಲ ಹಳದಿ ಹೂ ಹಾಸುತ್ತದೆ. 2023ರಲ್ಲಿ ಹಾಗೆಯೇ ಆಗಿತ್ತು. ಅಂಥ ವರ್ಷದ ವಾರಾಂತ್ಯಗಳಲ್ಲಿ ಮಾತ್ರ ಅಲ್ಲಿ ನಿಶ್ಶಬ್ದ ಇರುವುದಿಲ್ಲ, ಹೂವಿಲ್ಲದ ವರ್ಷ ಹೋದವರಿಗೆ ಅದು ಧಾರಾಳವಾಗಿ ಸಿಗುತ್ತದೆ.

ಅಲ್ಲಿ ಬಯಲಿನ ತಳದಲ್ಲಿ ಎಲ್ಲೆಂದರಲ್ಲಿ ತಂಗುವಂತಿಲ್ಲ. ಎರಡೂ ಬದಿಯ ಬೆಟ್ಟದ ಬುಡದಲ್ಲಿ ಬಿಎಲ್‌ಎಂ ನಕ್ಷೆ ಗುರುತಿಸಿದ ಪ್ರದೇಶದಲ್ಲಿ ಮಾತ್ರ ಅವಕಾಶ. ನೀರು, ಪೆಟ್ರೋಲ್, ಅಂಗಡಿ ಯಾವುದೂ ಒಳಗೆ ಇಲ್ಲದಿರುವುದರಿಂದ 101ನೆಯ ಹೆದ್ದಾರಿ ಬಿಡುವ ಮುನ್ನವೇ ಟ್ಯಾಂಕ್ ತುಂಬಿಸಿಕೊಳ್ಳಿ. ಸೋಡಾ ಲೇಕ್ ರಸ್ತೆಯ ಡಾಂಬರಿಲ್ಲದ ಭಾಗ ಒಣಗಿದ್ದಾಗ ನಿಮ್ಮ ವ್ಯಾನಿಗೆ ಸಲೀಸು, ಮಳೆ ಬಂದರೆ ನಮ್ಮ ಗದಗ ಕಡೆಯ ಎರೆಮಣ್ಣಿನಂತೆ ಚಕ್ರಕ್ಕೆ ಅಂಟಿ ಹಿಡಿದು ನಿಲ್ಲಿಸಿಬಿಡುತ್ತದೆ. ಹಿಂದಿನ ಎರಡು ಮೂರು ದಿನಗಳಲ್ಲಿ ಮಳೆಯಾಗಿದ್ದರೆ ಆ ವಾರ ಹೋಗಬೇಡಿ, ಅಲ್ಲಿ ಸಿಕ್ಕಿಹಾಕಿಕೊಂಡ ಕಾರನ್ನು ಎಳೆಸಲು ಆಗುವ ಖರ್ಚಿನಲ್ಲಿ ಒಂದು ವಾರ ಒಳ್ಳೆಯ ಹೋಟೆಲಿನಲ್ಲೇ ಇರಬಹುದು.